ರಿಪೋರ್ಟ್ ನಾರ್ಮಲ್ ಬಂದ ಮೇಲೆ ಕೊಲೆಸ್ಟ್ರಾಲ್ ಮಾತ್ರೆ ಯಾಕೆ?

ಉಪ್ಪಳ ಪೇಟೆಯಲ್ಲಿ ನನ್ನದೊಂದು ಸಣ್ಣ ದಿನಸಿ ಅಂಗಡಿ. ಅಸರ್ ನಮಾಝ್ ಮುಗಿದ ಮೇಲೆ ಅಂಗಡಿ ಎದುರಿನ ಬೆಂಚಿನಲ್ಲಿ ನಾಲ್ಕೈದು ಮಂದಿ ಕೂತು ಮಾತನಾಡುವುದು ವಾಡಿಕೆ. ಗಲ್ಫ್‌ನಿಂದ ಮರಳಿದವರು, ರಜೆಗೆ ಬಂದವರು, ನಿವೃತ್ತ ಮೇಷ್ಟ್ರು ಒಬ್ಬರು. ಮೊದಲೆಲ್ಲ ಮಾತು ವೀಸಾದ್ದು, ಅಡಿಕೆ ರೇಟಿನದ್ದು ಇತ್ತು. ಈಗ ಶುಗರ್ ಎಷ್ಟು, ಪ್ರೆಶರ್ ಎಷ್ಟು, ಕೊಲೆಸ್ಟ್ರಾಲ್ ಎಷ್ಟು ಎಂಬುದೇ ಹೆಚ್ಚು. ಕಳೆದ ತಿಂಗಳು ಅಲ್ಲಿಯೇ ಹಾಜಿಯವರೊಬ್ಬರು ಕಿಸೆಯಿಂದ ಲ್ಯಾಬ್ ರಿಪೋರ್ಟ್ ತೆಗೆದು, "ನೋಡಿ, ಎಲ್ಲ ನಾರ್ಮಲ್ ಬಂದುಂಟು. ಇನ್ನು ಆ ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟೆ" ಎಂದರು. ಕೂತವರೆಲ್ಲ ಅಲ್‌ಹಮ್ದುಲಿಲ್ಲಾಹ್ ಅಂದರು. ನನಗೆ ಮಾತ್ರ ಸುಮ್ಮನಿರಲು ಆಗಲಿಲ್ಲ. ಯಾಕೆಂದರೆ ಇದೇ ಮಾತನ್ನು ಮೊದಲು ನನ್ನ ಮಾಮ ಹೇಳಿದ್ದರು. ಆಮೇಲೆ ನಾನೂ ಹೇಳಿದ್ದೆ.

ಮಾಮ ಇಪ್ಪತ್ತೆರಡು ವರ್ಷ ಅಬುಧಾಬಿಯಲ್ಲಿ ದುಡಿದು ಊರಿಗೆ ಬಂದವರು. ಬಂದ ಎರಡನೇ ವರ್ಷ ಎದೆನೋವು ಬಂತು, ಮಂಗಳೂರಿನಲ್ಲಿ ಸ್ಟೆಂಟ್ ಹಾಕಿದರು. ಡಿಸ್ಚಾರ್ಜ್ ಮಾಡುವಾಗ ಕೊಟ್ಟ ಮಾತ್ರೆಗಳಲ್ಲಿ ಒಂದು ಸ್ಟಾಟಿನ್. ಒಂದೂವರೆ ವರ್ಷ ಸರಿಯಾಗಿ ತಿಂದರು. ಆಮೇಲೆ ರಿಪೋರ್ಟ್ ನಾರ್ಮಲ್ ಬಂತು, ಅದೇ ಹೊತ್ತಿಗೆ ಈ ಮಾತ್ರೆ ಲಿವರ್ ಹಾಳು ಮಾಡುತ್ತದೆ ಎಂಬ ವಾಟ್ಸ್‌ಆ್ಯಪ್ ಮೆಸೇಜೂ ಬಂತು. ಬಿಪಿ ಮಾತ್ರೆ ಇಟ್ಟುಕೊಂಡು ಇದನ್ನು ಬಿಟ್ಟರು. ಸುಮಾರು ಒಂದು ವರ್ಷ ಕಳೆದ ಮೇಲೆ ಒಂದು ರಾತ್ರಿ ಒಂದು ಗಂಟೆಗೆ ಮತ್ತೆ ನೋವು. ಕಾರು ನಾನೇ ಓಡಿಸಿದ್ದು. ತಲಪಾಡಿ ದಾಟಿದೆವು, ತೊಕ್ಕೊಟ್ಟು ದಾಟಿದೆವು. ನೇತ್ರಾವತಿ ಸೇತುವೆ ಮುಟ್ಟುವ ಮೊದಲೇ ಮುಗಿದಿತ್ತು. ಮಾತ್ರೆ ಬಿಟ್ಟದ್ದರಿಂದಲೇ ಹೀಗಾಯಿತು ಎಂದು ನಾನು ಹೇಳಲಾರೆ, ಡಾಕ್ಟರೂ ಹಾಗೆ ಹೇಳಲಿಲ್ಲ. ಆದರೆ "ಬಿಟ್ಟದ್ದು ಯಾಕೆ?" ಎಂದು ಅವರು ಕೇಳಿದ್ದಕ್ಕೆ ನಮ್ಮಲ್ಲಿ ಯಾರಲ್ಲಿಯೂ ಉತ್ತರ ಇರಲಿಲ್ಲ.

ನಾನು ಬಿಕಾಂ ಓದಿ ಅಂಗಡಿಯಲ್ಲಿ ಕೂತವನು, ವೈದ್ಯನಲ್ಲ. ಆದರೂ ಆ ಪ್ರಶ್ನೆಯ ಹಿಂದೆ ಹೋಗಿ, ಡಾಕ್ಟರರಲ್ಲಿ ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮಾತ್ರೆಯ ತೀರ್ಮಾನ ನಿಮ್ಮ ಡಾಕ್ಟರದ್ದೇ.

ಕೊಲೆಸ್ಟ್ರಾಲ್ ಎಂದರೆ ವಿಷ ಅಂತ ನಾವು ತಿಳಿದಿದ್ದೇವೆ. ಹಾಗಲ್ಲ. ಅದಿಲ್ಲದೆ ಶರೀರದ ಒಂದು ಜೀವಕೋಶವೂ ನಿಲ್ಲುವುದಿಲ್ಲ. ಹಲವು ಹಾರ್ಮೋನುಗಳು, ವಿಟಮಿನ್ ಡಿ, ಪಿತ್ತರಸ ಎಲ್ಲ ಅದರಿಂದಲೇ ಆಗುವುದು. ಇದರ ಹೆಚ್ಚಿನ ಪಾಲನ್ನು ಶರೀರವೇ ತಯಾರಿಸುತ್ತದೆ, ಅದರಲ್ಲಿ ಲಿವರ್‌ನದ್ದು ದೊಡ್ಡ ಪಾತ್ರ. ಊಟದಿಂದ ನೇರವಾಗಿ ಬರುವುದು ಸಣ್ಣ ಪಾಲು. "ನಾನು ಮಾಂಸವೇ ಮುಟ್ಟುವುದಿಲ್ಲ, ನನಗೆ ಹೇಗೆ ಬಂತು?" ಎಂದು ಕೇಳುವವರಿಗೆ ಉತ್ತರ ಇದು. ಕೊಬ್ಬಿನ ಜಾತಿಯ ವಸ್ತು ರಕ್ತದಲ್ಲಿ ಹಾಗೇ ಕರಗುವುದಿಲ್ಲವಲ್ಲ, ಅದನ್ನು ಸಾಗಿಸಲು ಗಾಡಿ ಬೇಕು. ಲಿವರ್‌ನಿಂದ ಸರಕು ಹೊರಗೆ ಒಯ್ಯುವ ಗಾಡಿ ಎಲ್‌ಡಿಎಲ್, ಮಿಕ್ಕಿದ್ದನ್ನು ವಾಪಸ್ ತರುವುದು ಎಚ್‌ಡಿಎಲ್. ಎಲ್‌ಡಿಎಲ್ ಗಾಡಿಗಳು ರಸ್ತೆಯಲ್ಲಿ ಜಾಸ್ತಿಯಾದರೆ ರಕ್ತನಾಳದ ಗೋಡೆಯೊಳಗೆ ನುಗ್ಗಿ ಅಲ್ಲೇ ಉಳಿಯುತ್ತವೆ. ಅಲ್ಲಿ ಉರಿಯೂತವಾಗಿ, ಕೊಬ್ಬು ಸೇರಿ ದಪ್ಪ ಪದರವಾಗುತ್ತದೆ. ಒಂದು ದಿನ ಆ ಪದರ ಬಿರಿದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ಹಾರ್ಟ್ ಅಟ್ಯಾಕ್ ಸಾಮಾನ್ಯವಾಗಿ ಆಗುವುದು ಹೀಗೆ. ಇಷ್ಟೆಲ್ಲ ಆಗಲು ಹತ್ತಾರು ವರ್ಷ ಬೇಕು, ಅಷ್ಟೂ ವರ್ಷ ನಿಮಗೆ ಎಂತದ್ದೂ ಗೊತ್ತಾಗುವುದಿಲ್ಲ. ನೋವಿಲ್ಲ, ಸುಸ್ತಿಲ್ಲ. ಬಡ್ಡಿ ಕಟ್ಟದ ಸಾಲ ಬ್ಯಾಂಕಿನ ಪುಸ್ತಕದಲ್ಲಿ ಸದ್ದಿಲ್ಲದೆ ಬೆಳೆಯುವ ಹಾಗೆ.

ಮಾಮ ತೀರಿದ ಮೇಲೆ ಉಮ್ಮನ ಒತ್ತಾಯಕ್ಕೆ ನಾನೂ ರಕ್ತ ಪರೀಕ್ಷೆ ಮಾಡಿಸಿದೆ. ಆಗ ನನಗೆ 34. ಒಟ್ಟು ಕೊಲೆಸ್ಟ್ರಾಲ್ 262, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 210, ಎಲ್‌ಡಿಎಲ್ 182. ಲೆಕ್ಕದ ಮನುಷ್ಯನಾದ್ದರಿಂದ ಈ 182 ಎಲ್ಲಿಂದ ಬಂತು ಅಂತ ನೋಡಿದೆ. ಹಲವು ಲ್ಯಾಬ್‌ಗಳು ಎಲ್‌ಡಿಎಲ್ಲನ್ನು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕಿ ತೆಗೆಯುತ್ತವೆ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆಯಿರಿ, ಮತ್ತೆ ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿ ಬಂದದ್ದನ್ನು ಕಳೆಯಿರಿ. 262ರಿಂದ 38 ಹೋಗಿ 224, ಅದರಿಂದ 42 ಹೋಗಿ 182. ನಿಮ್ಮ ಹಳೆಯ ರಿಪೋರ್ಟ್ ತೆಗೆದು ನೋಡಿ, ಬಹುಶಃ ತಾಳೆಯಾಗುತ್ತದೆ. ಟ್ರೈಗ್ಲಿಸರೈಡ್ 400 ದಾಟಿದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ.

ರಿಪೋರ್ಟಿನಲ್ಲಿ ನಮ್ಮವರು ಎಡವುವುದು ಬಲಗಡೆಯ 'ನಾರ್ಮಲ್' ಕಾಲಂನಲ್ಲಿ. ಅಲ್ಲಿ ಪ್ರಿಂಟ್ ಆಗಿರುವ ಅಂಕಿ ಎಲ್ಲರಿಗೂ ಒಂದೇ. ಆದರೆ ಯಾರಿಗೆ ಎಷ್ಟಿರಬೇಕು ಎಂಬುದು ಒಂದೇ ಅಲ್ಲ. ಕಾರ್ಡಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ಬೇರೆ ತೊಂದರೆ ಇಲ್ಲದವರಿಗೆ ಎಲ್‌ಡಿಎಲ್ 100ಕ್ಕಿಂತ ಕೆಳಗೆ ಇರಬೇಕು. ಶುಗರ್, ಬಿಪಿ ಇದ್ದು ಅಪಾಯ ಹೆಚ್ಚಿರುವವರಿಗೆ 70ಕ್ಕಿಂತ ಕೆಳಗೆ. ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಆದವರಿಗೆ 55ಕ್ಕಿಂತ ಕೆಳಗೆ. ಮಾಮನ 'ನಾರ್ಮಲ್' ರಿಪೋರ್ಟಿನಲ್ಲಿ ಎಲ್‌ಡಿಎಲ್ ಇದ್ದದ್ದು 96. ಲ್ಯಾಬಿನ ಕಾಲಂಗೆ ಅದು ಸರಿ. ಸ್ಟೆಂಟ್ ಹಾಕಿದ ಹೃದಯಕ್ಕೆ ಅದು ಸರಿಯೇ ಅಲ್ಲ. ಅಷ್ಟು ಸಣ್ಣ ವಿಷಯ ನಮ್ಮಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ನಮ್ಮ ಗಡಿನಾಡಿನಲ್ಲಿ ರಿಪೋರ್ಟ್ ಇಂಗ್ಲಿಷಿನಲ್ಲಿ, ಆಸ್ಪತ್ರೆಯ ಬೋರ್ಡು ಮಲಯಾಳಂನಲ್ಲಿ, ಕೇಳುವವರು ಬ್ಯಾರಿಯಲ್ಲೋ ಕನ್ನಡದಲ್ಲೋ. ಹಾಗಾಗಿ ಕೆಂಪು ಗುರುತು ಇಲ್ಲದಿದ್ದರೆ ಎಲ್ಲ ಸರಿ ಎಂದು ಮಡಚಿ ಇಡುತ್ತೇವೆ.

ನನಗೆ ಡಾಕ್ಟರ್ ಒಮ್ಮೆಗೇ ಮಾತ್ರೆ ಬರೆಯಲಿಲ್ಲ. ಎಲ್‌ಡಿಎಲ್ 190 ಅಥವಾ ಅದಕ್ಕಿಂತ ಮೇಲಿದ್ದರೆ, ಶುಗರ್ ಇರುವ ನಡುವಯಸ್ಸಿನವರಾದರೆ, ಹೃದಯದ ಕಾಯಿಲೆ ಆಗಿದ್ದರೆ ಸಾಮಾನ್ಯವಾಗಿ ಕಾಯುವುದಿಲ್ಲವಂತೆ. ನನಗೆ ಮೂರು ತಿಂಗಳು ಸಮಯ ಕೊಟ್ಟರು. ಆಗ ದಿನಕ್ಕೆ ಐದಾರು ಸಿಗರೇಟು ಸೇದುತ್ತಿದ್ದೆ, ಅದನ್ನು ಮೊದಲು ಬಿಡಿಸಿದರು. ನಡೆದೆ, ಕರಿದದ್ದು ಬಿಟ್ಟೆ, ರಾತ್ರಿಯ ಪರೋಟ ಬೀಫ್ ಬಿಟ್ಟೆ. ಮೂರು ತಿಂಗಳ ನಂತರ ಎಲ್‌ಡಿಎಲ್ 164. ಅಂದರೆ ಶೇ. 10ರಷ್ಟು ಇಳಿದಿತ್ತು. ನನಗೆ ಬೇಸರವಾಯಿತು, ಡಾಕ್ಟರಿಗೆ ಆಗಲಿಲ್ಲ. ಪಥ್ಯದಿಂದ ಹೆಚ್ಚಿನವರಿಗೆ ಇಳಿಯುವುದು ಇಷ್ಟೇ, ಹತ್ತು ಹದಿನೈದು ಪರ್ಸೆಂಟ್ ಎಂದರು. ಲಿವರ್ ತಯಾರಿಸುವುದನ್ನು ಬಾಯಿ ಕಟ್ಟಿ ಎಷ್ಟಂತ ತಡೆಯುವುದು? ಆಮೇಲೆ ಅಟೊರ್ವಾಸ್ಟಾಟಿನ್ 20 ಮಿಲಿಗ್ರಾಂ, ದಿನಕ್ಕೊಂದು ಬರೆದರು.

ಈ ಸ್ಟಾಟಿನ್ ಕಥೆ ಶುರುವಾದದ್ದು ಬೂಸ್ಟಿನಿಂದ. ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿ ಸಾವಿರಾರು ಬೂಸ್ಟುಗಳನ್ನು ಒಂದೊಂದಾಗಿ ಪರೀಕ್ಷಿಸಿ, 1973ರಲ್ಲಿ ಪೆನಿಸಿಲಿಯಂ ಜಾತಿಯ ಒಂದರಲ್ಲಿ ಕೊಲೆಸ್ಟ್ರಾಲ್ ತಯಾರಿಯನ್ನು ತಡೆಯುವ ವಸ್ತು ಕಂಡುಹಿಡಿದರು. ಆ ದಾರಿಯಲ್ಲಿ ಬಂದ ಲೊವಾಸ್ಟಾಟಿನ್‌ಗೆ 1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕೋಟ್ಯಂತರ ಜನ ತಿನ್ನುವ ಮಾತ್ರೆಗೆ ಕಾರಣರಾದ ಎಂಡೊ 2024ರಲ್ಲಿ ತೀರಿಕೊಂಡರು, ನಮ್ಮ ಪೇಪರುಗಳಲ್ಲಿ ಒಂದು ಮೂಲೆ ಸುದ್ದಿಯಾದರೂ ಬಂದದ್ದು ನಾನು ಕಾಣಲಿಲ್ಲ. ಇರಲಿ.

ಮಾತ್ರೆ ಮಾಡುವ ಕೆಲಸ ಎರಡು ಮೆಟ್ಟಿಲಿನದ್ದು. ಮೊದಲನೆಯದು, ಲಿವರ್‌ನಲ್ಲಿ ಕೊಲೆಸ್ಟ್ರಾಲ್ ತಯಾರಿಸುವ ಒಂದು ಮುಖ್ಯ ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ. ಎರಡನೆಯದೇ ದೊಡ್ಡದು. ಒಳಗೆ ಸರಕು ಕಡಿಮೆಯಾಯಿತು ಎಂದು ಕಂಡ ಲಿವರ್, ತನ್ನ ಮೈಮೇಲೆ ಎಲ್‌ಡಿಎಲ್ ಹಿಡಿಯುವ ಕೊಂಡಿಗಳನ್ನು ಹೆಚ್ಚಿಸಿಕೊಳ್ಳುತ್ತದೆ. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ಲನ್ನು ಆ ಕೊಂಡಿಗಳು ಎಳೆದು ಒಳಗೆ ಹಾಕಿಕೊಳ್ಳುತ್ತವೆ, ರಕ್ತದಲ್ಲಿ ಅಂಕಿ ಇಳಿಯುತ್ತದೆ. ಈ ಕೊಂಡಿಗಳ ಗುಟ್ಟು ಬಿಡಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಎಂಬ ಇಬ್ಬರಿಗೆ 1985ರಲ್ಲಿ ನೊಬೆಲ್ ಸಿಕ್ಕಿದೆ.

ಈಗ ಹಾಜಿಯವರ ಪ್ರಶ್ನೆಗೆ ಬರುವ. ಮಾತ್ರೆ ನಿಲ್ಲಿಸಿದರೆ ಏನಾಗುತ್ತದೆ? ಕಿಣ್ವ ಬಿಡುಗಡೆಯಾಗುತ್ತದೆ, ಲಿವರ್ ಮೊದಲಿನ ಹಾಗೆ ತಯಾರಿ ಶುರು ಮಾಡುತ್ತದೆ, ಕೊಂಡಿಗಳು ಕಡಿಮೆಯಾಗುತ್ತವೆ. ಕೆಲವು ವಾರಗಳಲ್ಲಿ ಅಂಕಿ ಹಳೆಯ ಜಾಗಕ್ಕೆ ಹೋಗುತ್ತದೆ. ಇದು ಜ್ವರದ ಮಾತ್ರೆಯಲ್ಲ, ಐದು ದಿನ ತಿಂದು ರೋಗಾಣು ಸತ್ತ ಮೇಲೆ ಬಿಡಲಿಕ್ಕೆ. ರಿಪೋರ್ಟ್ ನಾರ್ಮಲ್ ಬಂದದ್ದು ರೋಗ ಗುಣವಾದದ್ದರಿಂದಲ್ಲ, ಮಾತ್ರೆ ಕೆಲಸ ಮಾಡುತ್ತಿರುವುದರಿಂದ. ಕನ್ನಡಕ ಹಾಕಿದಾಗ ಅಕ್ಷರ ಸರಿ ಕಾಣುತ್ತದೆ ಎಂದು ಕನ್ನಡಕ ಎಸೆಯುವವರು ಯಾರಾದರೂ ಉಂಟೋ?

ಇಷ್ಟು ಬುದ್ಧಿ ಹೇಳುವ ನಾನೂ ಬಿಟ್ಟವನೇ. ಮಾತ್ರೆ ಶುರು ಮಾಡಿ ಮೂರು ತಿಂಗಳಿಗೆ ಎಲ್‌ಡಿಎಲ್ 95ಕ್ಕೆ ಬಂತು. ಮಾಮನ ಕಥೆ ಕಣ್ಣೆದುರು ಇದ್ದರೂ, ನನಗೆ ಸ್ಟೆಂಟ್ ಇಲ್ಲವಲ್ಲ, ವಯಸ್ಸಾಗಿಲ್ಲವಲ್ಲ ಎಂದು ಮನಸ್ಸು ಹೇಳಿತು. ಒಂದು ಶೀಟ್ ಮುಗಿದಾಗ ಇನ್ನೊಂದು ತರಲಿಲ್ಲ, ಅಷ್ಟೆ. ಐದು ತಿಂಗಳ ನಂತರ ಪುನಃ ಪರೀಕ್ಷೆ ಮಾಡಿಸಿದಾಗ 171. ರಿಪೋರ್ಟ್ ನೋಡಿ ಡಾಕ್ಟರ್ ಬೈಯಲಿಲ್ಲ, "ಅಂಗಡಿಗೆ ವರ್ಷಕ್ಕೊಮ್ಮೆ ಬೀಗ ಹಾಕ್ತೀರೋ, ದಿನಾ ಹಾಕ್ತೀರೋ?" ಎಂದು ಕೇಳಿದರು. ಅಂದಿನಿಂದ ಬಿಟ್ಟಿಲ್ಲ.

ಇಷ್ಟು ತಿಂದು ಲಾಭ ಉಂಟೇ ಎಂದು ಕೇಳುವುದು ನ್ಯಾಯ. ಮಾಮನಂಥವರ ಮಟ್ಟಿಗೆ ಇದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು 1994ರಲ್ಲಿ, ಉತ್ತರ ಯುರೋಪಿನ ಸ್ಕ್ಯಾಂಡಿನೇವಿಯಾ ದೇಶಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನದಿಂದ. ಹೃದಯದ ಕಾಯಿಲೆ ಇದ್ದ 4,444 ಮಂದಿಯನ್ನು ಎರಡು ಪಾಲು ಮಾಡಿ ಅರ್ಧಕ್ಕೆ ಸಿಮ್ವಾಸ್ಟಾಟಿನ್, ಅರ್ಧಕ್ಕೆ ಮದ್ದಿಲ್ಲದ ಖಾಲಿ ಮಾತ್ರೆ ಕೊಟ್ಟು ಐದು ವರ್ಷಕ್ಕಿಂತ ಹೆಚ್ಚು ನೋಡಿದರು. ಖಾಲಿ ಮಾತ್ರೆಯವರಲ್ಲಿ 256 ಮಂದಿ ತೀರಿಕೊಂಡರು, ಸ್ಟಾಟಿನ್‌ನವರಲ್ಲಿ 182. ಅಂಕಿ ಕಾಗದದಲ್ಲಿ ಇಳಿಯಿತು ಎಂಬುದಷ್ಟೇ ಅಲ್ಲ, 74 ಮನೆಗಳಲ್ಲಿ ಒಂದೊಂದು ಜೀವ ಉಳಿಯಿತು. ಹಾರ್ಟ್ ಅಟ್ಯಾಕ್ ಆಗದ ನನ್ನಂಥವರಿಗೆ ಲಾಭದ ಪ್ರಮಾಣ ಇದಕ್ಕಿಂತ ಕಡಿಮೆ. ಅದಕ್ಕೇ ಡಾಕ್ಟರ್ ಬಿಪಿ, ಶುಗರ್, ಸಿಗರೇಟು, ಕುಟುಂಬದ ಚರಿತ್ರೆ ಎಲ್ಲ ಕೇಳಿ ಅಳೆದು ತೂಗಿ ಬರೆಯುವುದು. ಎಲ್‌ಡಿಎಲ್ ಸ್ವಲ್ಪ ಜಾಸ್ತಿ ಬಂದವರಿಗೆಲ್ಲ ಮಾತ್ರೆ ಬೇಕೆಂದಿಲ್ಲ.

ಹೆದರಿಕೆಯ ವಿಷಯವನ್ನೂ ಮುಚ್ಚಿಡಬಾರದು. ಹೆಚ್ಚಿನವರು ಬಿಡುವುದು ಕೈಕಾಲು ನೋವು ಎಂದು. ನೋವು ಸುಳ್ಳಲ್ಲ. ಆದರೆ ಅದಕ್ಕೆ ಕಾರಣ ಮಾತ್ರೆಯೋ ಎಂಬುದು ಪ್ರಶ್ನೆ. ಸ್ಟಾಟಿನ್ ಮತ್ತು ಖಾಲಿ ಮಾತ್ರೆ ಹೋಲಿಸಿದ ಅಧ್ಯಯನಗಳನ್ನೆಲ್ಲ ಕೂಡಿಸಿ, ಸುಮಾರು 1,24,000 ಮಂದಿಯ ಲೆಕ್ಕವನ್ನು 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿತು. ಸ್ನಾಯು ನೋವು ಇದೆ ಎಂದವರು ಸ್ಟಾಟಿನ್ ತಿಂದವರಲ್ಲಿ ಶೇ. 27.1, ಖಾಲಿ ಮಾತ್ರೆ ತಿಂದವರಲ್ಲಿ ಶೇ. 26.6. ಅಂದರೆ ನೋವು ಹೇಳಿದ ಹೆಚ್ಚಿನವರಿಗೆ ಅದು ಮಾತ್ರೆಯದ್ದಲ್ಲ, ಮಾತ್ರೆ ತಿನ್ನದಿದ್ದರೂ ಬರುತ್ತಿದ್ದದ್ದು. ಉಳಿದ ಕೆಲವರಿಗೆ ನಿಜವಾಗಿಯೂ ಮಾತ್ರೆಯಿಂದ ಬರುತ್ತದೆ. ಅವರಿಗೆ ಡೋಸ್ ಕಡಿಮೆ ಮಾಡಬಹುದು, ಬೇರೆ ಸ್ಟಾಟಿನ್ ಕೊಡಬಹುದು, ಎಜೆಟಿಮೈಬ್‌ನಂಥ ಬೇರೆ ಜಾತಿಯ ಮದ್ದು ಸೇರಿಸಬಹುದು. ದಾರಿ ಬಹಳ ಉಂಟು, ಹೇಳದೆ ಬಿಟ್ಟರೆ ಒಂದೂ ಇಲ್ಲ. ತಡೆಯಲಾಗದ ಸ್ನಾಯು ನೋವು, ಅದರ ಜೊತೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅದು ಬಹಳ ಅಪರೂಪ, ಆದರೆ ಅಪಾಯ. ಲಿವರ್ ಹಾಳಾಗುತ್ತದೆ ಎಂಬ ಮೆಸೇಜಿಗೆ ಆಧಾರ ಇಷ್ಟೇ: ಕೆಲವರಲ್ಲಿ ಲಿವರ್‌ನ ಕಿಣ್ವದ ಅಂಕಿ ಸ್ವಲ್ಪ ಏರುತ್ತದೆ, ಅದಕ್ಕೇ ಪರೀಕ್ಷೆ ಮಾಡುವುದು. ಗಂಭೀರ ಹಾನಿ ತೀರಾ ಅಪರೂಪ. ಶುಗರ್ ಗಡಿಯಲ್ಲಿರುವವರಿಗೆ ಅದು ಸ್ವಲ್ಪ ಮೇಲೆ ಹೋಗುವುದುಂಟು, ಇದು ನಿಜ. ಆದರೂ ಅಂಥವರಿಗೇ ಹೃದಯದ ಅಪಾಯ ಜಾಸ್ತಿ ಇರುವುದರಿಂದ ಲಾಭವೇ ಹೆಚ್ಚು ಎಂಬುದು ತಜ್ಞರ ಲೆಕ್ಕ. ಗರ್ಭಿಣಿಯರು, ಮಗುವಿಗೆ ತಯಾರಿ ಮಾಡುವವರು, ಮೊಲೆಯುಣಿಸುವವರು ಡಾಕ್ಟರಿಗೆ ಮೊದಲೇ ಹೇಳಬೇಕು.

ಇನ್ನು ನನ್ನ ಅಂಗಡಿಯ ಕಡೆಗೆ. ಮಾತ್ರೆ ತಿನ್ನುತ್ತೇನೆ, ಇನ್ನು ಏನು ಬೇಕಾದರೂ ತಿನ್ನಬಹುದು ಎಂಬುದು ಇನ್ನೊಂದು ತಪ್ಪು. ಎಲ್‌ಡಿಎಲ್ ಏರಿಸುವುದರಲ್ಲಿ ಆಹಾರದ ಕೊಲೆಸ್ಟ್ರಾಲ್‌ಗಿಂತ ದೊಡ್ಡ ಕೈ ಸ್ಯಾಚುರೇಟೆಡ್ ಕೊಬ್ಬಿನದ್ದು. ಎಣ್ಣೆ ಪ್ಯಾಕೆಟಿನ ಮೇಲೆ ದೊಡ್ಡದಾಗಿ 'ಕೊಲೆಸ್ಟ್ರಾಲ್ ಇಲ್ಲ' ಎಂದು ಬರೆದದ್ದು ನೋಡಿ ಖುಷಿಯಿಂದ ಒಯ್ಯುತ್ತಾರೆ. ಮಾರುವವನು ನಾನೇ ಹೇಳುತ್ತೇನೆ, ಗಿಡದಿಂದ ಬರುವ ಯಾವ ಎಣ್ಣೆಯಲ್ಲಿಯೂ ಕೊಲೆಸ್ಟ್ರಾಲ್ ಇರುವುದೇ ಇಲ್ಲ. ಪ್ಯಾಕೆಟ್ ತಿರುಗಿಸಿ ಹಿಂದೆ ಸಣ್ಣ ಅಕ್ಷರದಲ್ಲಿ ಸ್ಯಾಚುರೇಟೆಡ್ ಫ್ಯಾಟ್ ಎಷ್ಟು ಎಂದು ನೋಡಿ. ಸೂರ್ಯಕಾಂತಿ ಎಣ್ಣೆಯಲ್ಲಿ ನೂರಕ್ಕೆ ಹತ್ತು ಹನ್ನೆರಡು, ಪಾಮ್ ಎಣ್ಣೆಯಲ್ಲಿ ಸುಮಾರು ಅರ್ಧ, ತೆಂಗಿನೆಣ್ಣೆಯಲ್ಲಿ 80ಕ್ಕೂ ಮೇಲೆ. ತೆಂಗಿನೆಣ್ಣೆಯ ಬಗ್ಗೆ ಇದನ್ನು ಹೇಳಿದರೆ ಉಮ್ಮನೇ ನನ್ನ ಮೇಲೆ ಸಿಟ್ಟಾಗುತ್ತಾರೆ. ಅಜ್ಜಂದಿರು ಅದರಲ್ಲೇ ಬದುಕಲಿಲ್ವಾ ಎಂದು ಕೇಳುತ್ತಾರೆ. ಬದುಕಿದ್ದರು. ಅವರು ಗದ್ದೆ ಉತ್ತರು, ಹೊರೆ ಹೊತ್ತರು, ವಾರದಲ್ಲಿ ನಾಲ್ಕು ದಿನ ನೈಚೋರು ಉಣ್ಣಲಿಲ್ಲ. ತೆಂಗಿನೆಣ್ಣೆ ಎಲ್‌ಡಿಎಲ್ ಏರಿಸುತ್ತದೆ ಎಂಬುದು ಪರೀಕ್ಷೆಗಳಲ್ಲಿ ಕಂಡ ವಿಷಯ. ಒಗ್ಗರಣೆಗೆ ಒಂದು ಚಮಚ ಸಾಕು, ಕರಿಯಲಿಕ್ಕೆ ಬಾಣಲೆ ತುಂಬ ಬೇಡ ಎಂಬಲ್ಲಿಗೆ ನಮ್ಮ ಮನೆಯಲ್ಲಿ ರಾಜಿಯಾಗಿದೆ.

ವನಸ್ಪತಿಯಲ್ಲಿ ಇದ್ದ ಟ್ರಾನ್ಸ್ ಕೊಬ್ಬು ಇದಕ್ಕಿಂತಲೂ ಕೆಟ್ಟದ್ದು, ಎಲ್‌ಡಿಎಲ್ ಏರಿಸಿ ಎಚ್‌ಡಿಎಲ್ ಇಳಿಸುವಂಥದ್ದು. 2022ರ ಜನವರಿಯಿಂದ ಎಣ್ಣೆ ಮತ್ತು ಕೊಬ್ಬಿನ ಪದಾರ್ಥಗಳಲ್ಲಿ ಅದು ಶೇ. 2 ದಾಟಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ಮಾಡಿದೆ. ಆದರೆ ಒಂದೇ ಎಣ್ಣೆಯನ್ನು ದಿನಗಟ್ಟಲೆ ಕಾಯಿಸುವ ತಟ್ಟುಕಡೆಗೆ ನಿಯಮ ತಲುಪಿದೆಯೋ ನೀವೇ ನೋಡಿ.

ನಮಗಿರುವ ಒಂದು ಭಾಗ್ಯ ಮೀನು. ಬೂತಾಯಿ, ಬಂಗುಡೆಯಲ್ಲಿರುವ ಕೊಬ್ಬು ಹೃದಯಕ್ಕೆ ಒಳ್ಳೆಯ ಜಾತಿಯದ್ದು. ಪುಳಿಮುಂಚಿ ಮಾಡಿದರೆ ಅದು ಉಳಿಯುತ್ತದೆ. ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಮೀನಿಗಿಂತ ಎಣ್ಣೆಯನ್ನೇ ತಿಂದ ಹಾಗೆ. ಕಡಲೆ, ಹೆಸರು, ಅಲಸಂಡೆ, ಬೆಂಡೆಯಂಥವುಗಳ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಗೆ ಹಾಕುತ್ತದೆ, ಲಿವರ್ ಪುನಃ ಪಿತ್ತರಸ ಮಾಡಲು ರಕ್ತದಿಂದ ಕೊಲೆಸ್ಟ್ರಾಲ್ ತೆಗೆಯಬೇಕಾಗುತ್ತದೆ. ನಡಿಗೆ ವಾರಕ್ಕೆ 150 ನಿಮಿಷ, ಅಂದರೆ ಐದು ದಿನ ಅರ್ಧ ಗಂಟೆ, ಮಾತನಾಡಬಹುದು ಆದರೆ ಹಾಡಲು ಉಸಿರು ಸಾಲದು ಎನ್ನುವಷ್ಟು ಜೋರಾಗಿ. ನಾನು ಸುಬಹಿ ಮುಗಿಸಿ ಹಾಗೇ ಹೊರಡುತ್ತೇನೆ. ಬೆಳ್ಳುಳ್ಳಿ, ಮೆಂತೆ, ವಿನೆಗರ್ ಎಂದು ಕೇಳುವವರಿಗೆ ನಾನು ಮಾರುತ್ತೇನೆ, ಆದರೆ ಮಾತ್ರೆಯ ಬದಲಿಗೆ ಎಂದರೆ ಬೇಡ ಅಂತಲೇ ಹೇಳುತ್ತೇನೆ.

ರಂಝಾನ್‌ನಲ್ಲಿ ಬಿಡುವವರು ಬಹಳ. ಅಟೊರ್ವಾಸ್ಟಾಟಿನ್, ರೊಸುವಾಸ್ಟಾಟಿನ್ ದಿನಕ್ಕೆ ಒಂದೇ ಸಲ, ಯಾವ ಹೊತ್ತಿಗೂ ತಿನ್ನಬಹುದು. ಇಫ್ತಾರ್ ಆದ ಮೇಲೋ ಸಹರಿಗೋ ಒಂದು ಹೊತ್ತು ಗೊತ್ತು ಮಾಡಿಕೊಂಡರೆ ಉಪವಾಸಕ್ಕೆ ಏನೂ ಅಡ್ಡಿಯಿಲ್ಲ. ಸಿಮ್ವಾಸ್ಟಾಟಿನ್ ಆದರೆ ರಾತ್ರಿಯೇ ಒಳ್ಳೆಯದು. ಮಾತ್ರೆಗಿಂತ ಇಫ್ತಾರಿನ ಸಮೋಸ ಕಟ್ಲೆಟ್ ಲೆಕ್ಕವೇ ಆಗ ಕಷ್ಟ.

ಗಲ್ಫ್ ಮನೆಗಳಲ್ಲಿ ಇನ್ನೊಂದು ಅಪಾಯ ಕಂಡಿದ್ದೇನೆ. ಅಲ್ಲಿಂದ ತಂದ ಲಿಪಿಟರ್ ಒಂದು ಕಡೆ, ಇಲ್ಲಿಯ ಡಾಕ್ಟರ್ ಬರೆದ ಅಟೊರ್ವಾಸ್ಟಾಟಿನ್ ಇನ್ನೊಂದು ಕಡೆ. ಹೆಸರು ಬೇರೆ, ಮದ್ದು ಒಂದೇ. ಎರಡೂ ತಿಂದರೆ ಡಬಲ್ ಡೋಸ್. ಕ್ರೆಸ್ಟರ್ ಎಂಬುದು ರೊಸುವಾಸ್ಟಾಟಿನ್. ಶೀಟಿನಲ್ಲಿ ಬ್ರ್ಯಾಂಡ್ ಕೆಳಗೆ ಇರುವ ಸಣ್ಣ ಹೆಸರು ಓದಬೇಕು. ಬೇರೆ ಕಾಯಿಲೆಗೆ ಹೋದಾಗಲೂ ಸ್ಟಾಟಿನ್ ತಿನ್ನುವುದನ್ನು ಹೇಳಬೇಕು, ಕ್ಲಾರಿಥ್ರೊಮೈಸಿನ್‌ನಂಥ ಕೆಲವು ಆ್ಯಂಟಿಬಯೋಟಿಕ್ ಜೊತೆ ಇದು ಸರಿ ಬರುವುದಿಲ್ಲ. ಖರ್ಚು ಎಂದು ಬಿಡುವವರು ಜನೌಷಧಿಯಲ್ಲಿ, ಕಾರುಣ್ಯ ಫಾರ್ಮಸಿಯಲ್ಲಿ ವಿಚಾರಿಸಿ. ಕುಟುಂಬಾರೋಗ್ಯ ಕೇಂದ್ರದ ಶುಗರ್-ಬಿಪಿ ಕ್ಲಿನಿಕ್‌ನಲ್ಲಿಯೂ ಕೇಳಿ. ಅಟೊರ್ವಾಸ್ಟಾಟಿನ್ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮದ್ದು.

ನಮ್ಮ ಊರಿನವರಿಗೆ ಇದನ್ನು ಇಷ್ಟು ಒತ್ತಿ ಹೇಳಲು ಒಂದು ಕಾರಣವಿದೆ. ಹೃದಯದ ವಿಷಯದಲ್ಲಿ ನಾವು ಹೆಚ್ಚಾಗಿ ಓಡುವುದು ಮಂಗಳೂರಿಗೆ. 2020ರ ಮಾರ್ಚ್‌ನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಆಂಬ್ಯುಲೆನ್ಸಿನಲ್ಲಿ ಪಟ್ಟ ಪಾಡು ಯಾರೂ ಮರೆತಿಲ್ಲ. ಗಡಿ ತೆರೆದಿದ್ದರೂ, ರಸ್ತೆ ಖಾಲಿಯಿದ್ದರೂ, ರಾತ್ರಿ ಒಂದು ಗಂಟೆಗೆ ಆ ದಾರಿ ಎಷ್ಟು ಉದ್ದ ಎಂಬುದು ನನಗೆ ಗೊತ್ತುಂಟು.

ಇದನ್ನೆಲ್ಲ ಅಂದು ಬೆಂಚಿನಲ್ಲಿ ಹಾಜಿಯವರಿಗೆ ಹೇಳಿದೆ. "ಮೋನೇ, ನೀನು ಯಾವಾಗ ಡಾಕ್ಟರ್ ಆದದ್ದು?" ಎಂದು ನಗಾಡಿದರು. ರಿಪೋರ್ಟ್ ಮಡಚಿ ಕಿಸೆಗೆ ಹಾಕಿದರು. ಮೊನ್ನೆ ಶುಕ್ರವಾರ ಸಕ್ಕರೆ ಒಯ್ಯಲು ಬಂದಾಗ ಅವರ ಕೈಯಲ್ಲಿ ಮೆಡಿಕಲ್ ಶಾಪಿನ ಸಣ್ಣ ಕವರ್ ಇತ್ತು. ನಾನು ಕೇಳಲಿಲ್ಲ. ಅವರೇ ಕವರ್ ಎತ್ತಿ ತೋರಿಸಿ, "ಡಾಕ್ಟರರಲ್ಲಿ ಕೇಳಿದೆ, ಅವರೂ ನಿನ್ನ ಹಾಗೆಯೇ ಹೇಳಿದ್ರು" ಎಂದರು. ಆಮೇಲೆ ಅರ್ಧ ಲೀಟರ್ ತೆಂಗಿನೆಣ್ಣೆ ಸಾಕು ಎಂದು ಹೇಳಿ, ಒಂದು ಲೀಟರಿನ ಬಾಟಲಿ ವಾಪಸ್ ಇಟ್ಟರು.